ಟಕ್ ಟಕ್ ಸದ್ದಿಗೆ ಮೋಸಹೋಗಬೇಡಿ: ಈಜುಕೊಳದ ಡೋಸಿಂಗ್ ಪಂಪ್‌ಗಳ ವಿಮರ್ಶೆ

ಕೊಳದ ನೀರಿಗೆ ಕ್ಲೋರಿನ್ ದ್ರಾವಣವನ್ನು ಅಳೆದು ಹಾಕುವ ಡೋಸಿಂಗ್ ಪಂಪ್ ಟಕ್ ಟಕ್ ಅನ್ನುತ್ತಿದೆ, ಹಸಿರು ದೀಪ ಮಿನುಗುತ್ತಿದೆ, ಆ ದ್ರಾವಣದ, ಅಂದರೆ ಹೈಪೋದ ಕ್ಯಾನ್ ಕೂಡ ತುಂಬಿದೆ. ಕೊಳದ ನೀರು ತೆಗೆದು ಟೆಸ್ಟ್ ಮಾಡಿದರೆ ಕ್ಲೋರಿನ್ ಸೊನ್ನೆ. ಅಪಾರ್ಟ್‌ಮೆಂಟ್, ಕ್ಲಬ್, ಹೋಟೆಲ್‌ಗಳ ಪಂಪ್ ರೂಮಿನಲ್ಲಿ ಇದು ತೀರಾ ಸಾಮಾನ್ಯ ದೂರು. ಆಪರೇಟರ್ ಪಂಪನ್ನು ಬೈಯುತ್ತಾನೆ, ಡೀಲರ್ ಹೈಪೋವನ್ನು ಬೈಯುತ್ತಾನೆ, ಅಸೋಸಿಯೇಷನ್ ಇಬ್ಬರನ್ನೂ ಬೈಯುತ್ತದೆ. ನಿಜವಾದ ಕಾರಣ ಹೆಚ್ಚಾಗಿ ಪಂಪ್ ಹೆಡ್ಡಿನೊಳಗೆ, ಅಂದರೆ ದ್ರವ ಹಾದುಹೋಗುವ ಮುಂಭಾಗದೊಳಗೆ ಕೂತ ಒಂದು ಚಮಚದಷ್ಟೂ ಇಲ್ಲದ ಗಾಳಿ.

ಹಾಗಾಗಿ ಈ ವಿಮರ್ಶೆಯಲ್ಲಿ ಅಳತೆಗೋಲು ಒಂದೇ. ರಾತ್ರಿ ಹತ್ತಕ್ಕೆ ನಿಂತ ಪಂಪ್ ಬೆಳಗ್ಗೆ ಆರಕ್ಕೆ ತಾನಾಗಿ ಶುರುವಾದಾಗ, ಯಾರೂ ಮುಟ್ಟದೆ ಹೈಪೋ ಹೋಗುತ್ತದೆಯೇ? ಹೋಗುವುದಾದರೆ ಪಂಪ್ ಒಳ್ಳೆಯದು. ಕ್ಯಾಟಲಾಗಿನ ಮಿಕ್ಕ ಸಾಲುಗಳೆಲ್ಲ ಆಮೇಲೆ.

ಹೈಪೋ ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಮಾರುಕಟ್ಟೆಯಲ್ಲಿ 10ರಿಂದ 12 ಶೇಕಡಾ ಎಂದು ಸಿಗುತ್ತದೆ. ಇದು ಸುಮ್ಮನೆ ಕೂರುವ ದ್ರವವಲ್ಲ. ಬಿಸಿಗೆ, ಬೆಳಕಿಗೆ, ತುಕ್ಕಿನ ಕಣಕ್ಕೆ ಒಡೆಯುತ್ತಲೇ ಇರುತ್ತದೆ, ಒಡೆಯುವಾಗ ಆಮ್ಲಜನಕದ ಗುಳ್ಳೆ ಬಿಡುತ್ತದೆ. ಗಂಟೆಗೆ ಆರು ಲೀಟರ್ ಕೊಡುವ ಸಣ್ಣ ಪಂಪ್ ನಿಮಿಷಕ್ಕೆ 180 ಸ್ಟ್ರೋಕ್ (ತಳ್ಳು) ಹೊಡೆಯುತ್ತದೆ ಅಂದುಕೊಳ್ಳಿ, ಒಂದು ಸ್ಟ್ರೋಕಿಗೆ ಬರುವುದು ಅರ್ಧ ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಪುಟ್ಟ ಜಾಗದಲ್ಲಿ ಗುಳ್ಳೆ ಸೇರಿದರೆ, ದ್ರವವನ್ನು ತಳ್ಳುವ ಪೊರೆ ಅಂದರೆ ಡಯಾಫ್ರಮ್ ಮುಂದೆ ಹೋದಾಗ ಗುಳ್ಳೆ ಕುಗ್ಗುತ್ತದೆ, ಹಿಂದೆ ಬಂದಾಗ ಹಿಗ್ಗುತ್ತದೆ. ಮೇಲಿನ ವಾಲ್ವಿನ ಗೋಲಿ ಏಳುವಷ್ಟು ಒತ್ತಡವೇ ಹುಟ್ಟುವುದಿಲ್ಲ. ಸದ್ದು ಎಂದಿನಂತೆ ಬರುತ್ತದೆ, ಹೈಪೋ ಮಾತ್ರ ಹೋಗುವುದಿಲ್ಲ. ನಮ್ಮ ಪ್ಲಂಬರುಗಳು ಇದಕ್ಕೆ ‘ಏರ್ ಹಿಡ್ಕೊಂಡಿದೆ’ ಅನ್ನುತ್ತಾರೆ. ರೋಗವನ್ನು ಸರಿಯಾಗಿಯೇ ಹೆಸರಿಸಿದ್ದಾರೆ. ಮದ್ದು ಮಾತ್ರ ದಿನಾ ಬೆಳಗ್ಗೆ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ತಿರುಗಿಸುವುದಲ್ಲ.

ಮೊದಲು ಎಷ್ಟು ದೊಡ್ಡ ಪಂಪ್ ಬೇಕು ಎಂಬ ಲೆಕ್ಕ, ಏಕೆಂದರೆ ಅರ್ಧ ತಪ್ಪು ಖರೀದಿಯ ದಿನವೇ ಆಗಿರುತ್ತದೆ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳ ಹಿಡಿಯುವುದು 300 ಘನ ಮೀಟರ್ ನೀರು. ನಾಲ್ಕು ಗಂಟೆಗೊಮ್ಮೆ ಇಡೀ ನೀರು ಫಿಲ್ಟರ್ ಮೂಲಕ ಸುತ್ತಬೇಕೆಂದರೆ ಗಂಟೆಗೆ 75 ಘನ ಮೀಟರ್ ಹರಿವು. ಪ್ರತಿ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಾಕುವ ಸಾಮರ್ಥ್ಯ ಇರಲಿ ಎಂದರೆ ಗಂಟೆಗೆ 150 ಗ್ರಾಂ ಬೇಕು. 10 ಶೇಕಡಾ ಹೈಪೋದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಕ್ಲೋರಿನ್ ಇರುವುದರಿಂದ ಗಂಟೆಗೆ ಒಂದೂವರೆ ಲೀಟರ್ ಸಾಕು. ಸಮಪಾಲು ನೀರು ಬೆರೆಸಿದರೆ ಮೂರು ಲೀಟರ್. ಹೈಪೋ ಹಳತಾಗಿ ಶಕ್ತಿ ಮೂರನೇ ಒಂದರಷ್ಟು ಇಳಿದಿದ್ದರೆ ನಾಲ್ಕೂವರೆ. ಅಂದರೆ 6 ಎಲ್‌ಪಿಎಚ್ (ಗಂಟೆಗೆ 6 ಲೀಟರ್) ಪಂಪ್ ಈ ಕೊಳಕ್ಕೆ ಹೇಳಿ ಮಾಡಿಸಿದ್ದು.

ಆದರೆ ‘ಇರಲಿ ಬಿಡಿ, ಸೇಫ್ಟಿಗೆ’ ಎಂದು 15 ಅಥವಾ 20 ಎಲ್‌ಪಿಎಚ್ ತಗೊಳ್ಳುವವರೇ ಹೆಚ್ಚು. ಆ ಪಂಪನ್ನು ಕೊನೆಗೆ 10 ಶೇಕಡಾದಲ್ಲಿ ಓಡಿಸಬೇಕಾಗುತ್ತದೆ. ಸ್ಟ್ರೋಕ್ ಉದ್ದ ಕಡಿಮೆ ಮಾಡಿದರೆ ಗುಳ್ಳೆಯನ್ನು ಹೊರದೂಡುವ ಬಲವೂ ಹೋಯಿತು, ಏರ್ ಹಿಡಿಯುವುದು ಖಾತ್ರಿ. ಹೈಪೋಗೆ ನಿಯಮ ಸರಳ: ಸ್ಟ್ರೋಕ್ ಉದ್ದ 50 ಶೇಕಡಾಕ್ಕಿಂತ ಕೆಳಗೆ ಇಳಿಸಬೇಡಿ, ಕಡಿಮೆ ಮಾಡುವುದಿದ್ದರೆ ಸ್ಟ್ರೋಕಿನ ವೇಗ ಕಡಿಮೆ ಮಾಡಿ. ಈ ನಿಯಮ ಪಾಲಿಸಲು ಎರಡು ಗುಂಡಿ ಬೇಕು, ಒಂದು ಉದ್ದಕ್ಕೆ, ಒಂದು ವೇಗಕ್ಕೆ. ಒಂದೇ ಗುಂಡಿಯ ಅಗ್ಗದ ಪಂಪುಗಳಲ್ಲಿ ಅದು ಯಾವುದನ್ನು ಬದಲಿಸುತ್ತದೆ ಎಂದು ಕೇಳಿಯೇ ಕೊಳ್ಳಿ. ವೇಗವನ್ನಾದರೆ ಹೈಪೋಗೆ ನಡೆಯುತ್ತದೆ.

ಈಗ ಪಂಪುಗಳಿಗೆ ಬರೋಣ.

ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾಗುವುದು ದೇಶದಲ್ಲೇ ತಯಾರಾಗುವ ಸೊಲೆನಾಯ್ಡ್ ಡಯಾಫ್ರಮ್ ಪಂಪ್. ಹತ್ತು ಸಾವಿರ ರೂಪಾಯಿಯ ಆಸುಪಾಸು, ಗೋಡೆಗೋ ಟ್ಯಾಂಕಿನ ಮೇಲೋ ಕೂರುತ್ತದೆ. ಒಳಗೆ ಒಂದು ವಿದ್ಯುತ್ಕಾಂತ ಡಯಾಫ್ರಮನ್ನು ಫಟ್ಟನೆ ಮುಂದೆ ತಳ್ಳುತ್ತದೆ, ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಚಲಿಸುವ ಭಾಗ ಕಡಿಮೆ, ರಿಪೇರಿ ಸುಲಭ, ಬಿಡಿಭಾಗ ಊರಲ್ಲೇ ಸಿಗುತ್ತದೆ. ದುರ್ಬಲ ಜಾಗ ಎರಡು. ಮೊದಲನೆಯದು ಹೆಡ್. ಬೆಲೆ ಇಳಿಸಲು ಪಾಲಿಪ್ರೊಪಿಲೀನ್ ಹೆಡ್ ಕೊಟ್ಟಿರುತ್ತಾರೆ, ಹೈಪೋ ಅದನ್ನು ನಿಧಾನವಾಗಿ ತಿಂದು ಗರಿಗರಿ ಮಾಡುತ್ತದೆ. ಒಂದು ದಿನ ನಟ್ಟು ಬಿಗಿ ಮಾಡುವಾಗ ಥ್ರೆಡ್ಡೇ ಕೈಗೆ ಬರುತ್ತದೆ. ಹೈಪೋ ತಡೆಯುವ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ಕಿನ ಹೆಡ್ ಕೇಳಿ, ಅದಿಲ್ಲದಿದ್ದರೆ ಪಿವಿಸಿ. ಡಯಾಫ್ರಮ್ ಟೆಫ್ಲಾನ್ ಮುಖದ್ದಾಗಿರಬೇಕು, ವಾಲ್ವಿನ ಗೋಲಿ ಸೆರಾಮಿಕ್ ಆಗಿರಬೇಕು. ‘ಎಸ್‌ಎಸ್ 316 ಬಾಲ್, ಗಟ್ಟಿಮುಟ್ಟು ಸಾರ್’ ಅಂದವರಿಂದ ಕೊಳ್ಳಬೇಡಿ. ಸ್ಟೀಲು ಹೈಪೋಗೂ ಆಗಿಬರುವುದಿಲ್ಲ, ನೀರಿನ ಪಿಎಚ್ ಇಳಿಸಲು ಹಾಕುವ ಹೈಡ್ರೋಕ್ಲೋರಿಕ್ ಆ್ಯಸಿಡ್ಡಿಗಂತೂ ಆಗಿಬರುವುದೇ ಇಲ್ಲ.

ಎರಡನೆಯ ದುರ್ಬಲ ಜಾಗ ಸರ್ಕ್ಯೂಟ್ ಬೋರ್ಡ್. ಫಿಲ್ಟರ್ ಪಂಪಿನ ಮೋಟಾರ್ ಟರ್ಮಿನಲ್ಲಿನಿಂದಲೇ ಡೋಸಿಂಗ್ ಪಂಪಿಗೆ ಕರೆಂಟ್ ಎಳೆಯುವುದು ನಮ್ಮ ಎಲೆಕ್ಟ್ರಿಷಿಯನ್ನರ ಅಚ್ಚುಮೆಚ್ಚಿನ ಅಡ್ಡದಾರಿ. ಮೋಟಾರ್ ಆಫ್ ಆದಾಗ ಡೋಸಿಂಗೂ ಆಫ್, ಕೆಲಸ ಸಲೀಸು. ಆದರೆ ದೊಡ್ಡ ಮೋಟಾರ್ ಆಫ್ ಆಗುವ ಕ್ಷಣದಲ್ಲಿ ಹಿಂದಕ್ಕೆ ಹೊಡೆಯುವ ವೋಲ್ಟೇಜ್ ಈ ಪುಟ್ಟ ಬೋರ್ಡಿನ ಪ್ರಾಣ ತೆಗೆಯುತ್ತದೆ. ಸರಿಯಾದ ದಾರಿ ಬೇರೆಯೇ ಇದೆ. ಡೋಸಿಂಗ್ ಪಂಪಿಗೆ ಪ್ರತ್ಯೇಕ ಎಂಸಿಬಿ ಮತ್ತು ಸರ್ಜ್ ಪ್ರೊಟೆಕ್ಟರ್ ಹಾಕಿ ಸದಾ ಕರೆಂಟ್ ಇರಲಿ. ನಿಲ್ಲಿಸುವ ಕೆಲಸವನ್ನು ಫಿಲ್ಟರ್ ಪಂಪಿನ ಕಾಂಟ್ಯಾಕ್ಟರಿನ (ಮೋಟಾರ್ ಆನ್-ಆಫ್ ಮಾಡುವ ಸ್ವಿಚ್ಚಿನ) ಆಕ್ಸಿಲರಿ ಕಾಂಟ್ಯಾಕ್ಟಿಗೆ ಒಪ್ಪಿಸಿ, ಅದು ಡೋಸಿಂಗ್ ಪಂಪಿನ ರಿಮೋಟ್ ಸ್ಟಾಪ್ ಇನ್‌ಪುಟ್ಟಿಗೆ ಸೇರಲಿ. ಆ ಇನ್‌ಪುಟ್ಟೇ ಇಲ್ಲದ ಮಾಡೆಲ್ ಆದರೆ ನಡುವೆ ಒಂದು ರಿಲೇ ಬೇಕು. ಖರೀದಿಸುವಾಗ 100ರಿಂದ 240 ವೋಲ್ಟ್ ತಡೆಯುವ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇರುವ ಮಾಡೆಲ್ಲನ್ನೇ ಆರಿಸಿ.

ಸೊಲೆನಾಯ್ಡ್ ಜಾತಿಯಲ್ಲೇ ಒಂದು ಮೆಟ್ಟಿಲು ಮೇಲೆ ಜರ್ಮನಿಯ ಪ್ರೊಮಿನೆಂಟ್ ಕಂಪನಿಯ ಬೀಟಾ ಇದೆ. ಉದ್ದಕ್ಕೊಂದು ಗುಂಡಿ, ವೇಗಕ್ಕೆ ಹತ್ತು ಹಂತದ ಇನ್ನೊಂದು ಗುಂಡಿ, ನೀರಿನ ಗುಣ ಅಳೆದು ಡೋಸ್ ನಿರ್ಧರಿಸುವ ಹೊರಗಿನ ಕಂಟ್ರೋಲರಿನಿಂದ ಪಲ್ಸ್ (ವಿದ್ಯುತ್ ಸಂಕೇತ) ಪಡೆಯುವ ಸೌಲಭ್ಯ. ಪರದೆಯಿಲ್ಲ, ಮೆನು ಇಲ್ಲ. ಕನ್ನಡಕ ಮರೆತು ಬಂದ ಆಪರೇಟರ್ ಕೂಡ ತಿರುಗಿಸಬಲ್ಲ, ಇದನ್ನು ನಾವು ಹೊಗಳಿಕೆಯಾಗಿಯೇ ಹೇಳುತ್ತಿದ್ದೇವೆ. ಇದನ್ನು ಕೊಳ್ಳುವುದಾದರೆ ಕೊಳ್ಳಬೇಕಾದ ಕಾರಣ ಸೆಲ್ಫ್ ಬ್ಲೀಡಿಂಗ್ ಹೆಡ್. ಅದರಲ್ಲಿ ಹೆಚ್ಚುವರಿ ದಾರಿಯೊಂದಿದ್ದು ಪ್ರತಿ ಸ್ಟ್ರೋಕಿಗೂ ಸ್ವಲ್ಪ ದ್ರವ ಮತ್ತು ಸೇರಿದ ಗುಳ್ಳೆ ಟ್ಯಾಂಕಿಗೆ ವಾಪಸು ಹೋಗುತ್ತದೆ. ಬೆಳಗಿನ ಆರು ಗಂಟೆಯ ಪರೀಕ್ಷೆಯಲ್ಲಿ ಈ ಹೆಡ್ ಪಾಸು. ಸಾಮಾನ್ಯ ಹೆಡ್ಡಿನೊಂದಿಗೆ ಕೊಂಡರೆ ಹೆಚ್ಚು ಕೊಟ್ಟ ದುಡ್ಡಿಗೆ ಹೈಪೋ ವಿಷಯದಲ್ಲಿ ದೊಡ್ಡ ಲಾಭವಿಲ್ಲ. ಒಂದು ಎಚ್ಚರಿಕೆ: ವಾಪಸು ಹೋಗುವ ಟ್ಯೂಬನ್ನು ಟ್ಯಾಂಕಿನ ಗಾಳಿಯ ಜಾಗದಲ್ಲಿ ಬಿಡಬೇಕು, ದ್ರವದೊಳಗೆ ಮುಳುಗಿಸಬಾರದು. ಜತೆಗೆ ಈ ಹೆಡ್ ಇದ್ದಾಗ ಪಂಪಿನ ಒಟ್ಟು ಸಾಮರ್ಥ್ಯ ಕೊಂಚ ಇಳಿಯುತ್ತದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಇನ್ನೊಂದು ದಾರಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವ ಸ್ಟೆಪರ್ ಮೋಟಾರಿನ ಪಂಪ್. ಡೆನ್ಮಾರ್ಕಿನ ಗ್ರಂಡ್‌ಫೋಸ್ ಕಂಪನಿಯ ಡಿಡಿಇ, ಡಿಡಿಸಿ, ಡಿಡಿಎ ಈ ಕುಲದವು. ಇಲ್ಲಿ ಸ್ಟ್ರೋಕ್ ಯಾವಾಗಲೂ ಪೂರ್ತಿ ಉದ್ದದ್ದು. ಕಡಿಮೆ ಬೇಕೆಂದರೆ ಮೋಟಾರ್ ಡಯಾಫ್ರಮನ್ನು ನಿಧಾನವಾಗಿ ತಳ್ಳುತ್ತದೆ. ಪೂರ್ತಿ ಸ್ಟ್ರೋಕ್ ಅಂದರೆ ಗುಳ್ಳೆ ಕೂರಲು ಜಾಗ ಕಡಿಮೆ, ಏರ್ ಹಿಡಿಯುವ ಸಂಭವವೂ ಕಡಿಮೆ. ಡಿಡಿಇ 6-10 ಗಂಟೆಗೆ ಗರಿಷ್ಠ 6 ಲೀಟರನ್ನು 10 ಬಾರ್ ಒತ್ತಡದ ಎದುರು ಕೊಡುತ್ತದೆ, ಕನಿಷ್ಠ ಅದರ ಸಾವಿರದಲ್ಲೊಂದು ಭಾಗಕ್ಕೆ ಇಳಿಯಬಲ್ಲದು. ಸದ್ದೂ ಇಲ್ಲವೆನ್ನುವಷ್ಟು ಕಡಿಮೆ. ಪಂಪ್ ರೂಮ್ ಜಿಮ್ಮಿನ ಪಕ್ಕ ಇದ್ದರೆ ಇದೂ ಲೆಕ್ಕಕ್ಕೆ ಬರುತ್ತದೆ. ಡಿಡಿಇಯ ಮೂಲ ಮಾಡೆಲ್ ಕೈಯಿಂದ ತಿರುಗಿಸುವಂಥದ್ದು ಮಾತ್ರ, ಕಂಟ್ರೋಲರಿಗೆ ಜೋಡಿಸಬೇಕಿದ್ದರೆ ಪಲ್ಸ್ ಮಾಡೆಲ್ ಎಂದು ಆರ್ಡರಿನಲ್ಲಿ ಬರೆಸಿ. ಡಿಡಿಎಯ ಮೇಲಿನ ಮಾಡೆಲ್‌ಗಳಲ್ಲಿ ಹರಿವನ್ನು ತಾನೇ ಗಮನಿಸಿ ಏರ್ ಸೇರಿದ್ದನ್ನು ಪತ್ತೆಹಚ್ಚುವ ವ್ಯವಸ್ಥೆ ಇದೆ. ಒಂದು ಅಪಾರ್ಟ್‌ಮೆಂಟ್ ಕೊಳಕ್ಕೆ ಅದು ನಮ್ಮ ಲೆಕ್ಕದಲ್ಲಿ ದುಂದು. ದಿನವಿಡೀ ಜನ ಇಳಿಯುವ ಕ್ಲಬ್ಬು, ತರಬೇತಿ ಅಕಾಡೆಮಿ, ರೆಸಾರ್ಟುಗಳಿಗೆ ಸರಿ. ದೇಶೀ ಸೊಲೆನಾಯ್ಡಿನ ಮೂರ್ನಾಲ್ಕು ಪಟ್ಟು ಅಥವಾ ಅದಕ್ಕೂ ಹೆಚ್ಚು ಬೆಲೆ ತೆರಬೇಕಾಗುತ್ತದೆ. ಬೋರ್ಡ್ ಕೆಟ್ಟರೆ ಚಿಕ್ಕಪೇಟೆಯಲ್ಲಿ ರಿಪೇರಿಯಾಗುವ ಮಾತಿಲ್ಲ.

ಪೆರಿಸ್ಟಾಲ್ಟಿಕ್ ಪಂಪನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಕೇಳುವುದಿಲ್ಲ, ಅದು ಅನ್ಯಾಯ. ರೋಲರುಗಳು ಮೆತ್ತನೆಯ ಟ್ಯೂಬನ್ನು ಹಿಂಡುತ್ತ ಹೋಗುತ್ತವೆ. ವಾಲ್ವೇ ಇಲ್ಲ, ಆದ್ದರಿಂದ ಏರ್ ಹಿಡಿಯುವ ಪ್ರಶ್ನೆಯೇ ಇಲ್ಲ, ಗುಳ್ಳೆಯೂ ದ್ರವದ ಜತೆಯಲ್ಲೇ ಸಾಗಿಹೋಗುತ್ತದೆ. ಫಿಲ್ಟರಿನ ನಂತರದ ಪೈಪಿನಲ್ಲಿ ಒತ್ತಡ ಒಂದು ಬಾರಿನ ಸುತ್ತಮುತ್ತ ಇರುವ ಸಣ್ಣ ಕೊಳಕ್ಕೆ ಇದು ಎಲ್ಲಕ್ಕಿಂತ ನೆಮ್ಮದಿ. ತೊಂದರೆ ಟ್ಯೂಬಿನದು. ಕೆಲವೇ ತಿಂಗಳಿಗೆ ಬದಲಿಸಬೇಕು. ಬದಲಿಸದೆ ಬಿಟ್ಟರೆ ಒಡೆದು ಪಂಪಿನೊಳಗೇ ಹೈಪೋ ಚೆಲ್ಲಿ ರೋಲರು, ಬೇರಿಂಗು ಎಲ್ಲ ಹೋಗುತ್ತವೆ. ತಾರೀಖು ಬರೆದು ಟ್ಯೂಬ್ ಬದಲಿಸುವ ಶಿಸ್ತು ಇರುವ ಕಡೆ ಇದನ್ನು ಹಾಕಿ. ಇಲ್ಲದ ಕಡೆ ಬೇಡ.

ಗಂಟೆಗೆ 50 ಲೀಟರಿನಿಂದ ಮೇಲಕ್ಕೆ, ಅಂದರೆ ದೊಡ್ಡ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಕಾರ್ಖಾನೆ, ನಗರದ ನೀರು ಶುದ್ಧೀಕರಣ ಘಟಕಗಳಿಗೆ ಮೋಟಾರ್ ಮತ್ತು ಗೇರ್‌ಬಾಕ್ಸ್ ಇರುವ ಮೆಕಾನಿಕಲ್ ಡಯಾಫ್ರಮ್ ಅಥವಾ ಪ್ಲಂಜರ್ ಪಂಪೇ ಸರಿ. (ಅಳತೆ ಮಾಡಿ ದ್ರವ ಕೊಡುವ ಈ ಬಗೆಯ ಪಂಪನ್ನು 1936ರಲ್ಲಿ ರೂಪಿಸಿದವರು ಅಮೆರಿಕದ ರಾಬರ್ಟ್ ಶೀನ್. ಕಂಪನಿಗೆ ತಂದೆಯ ಹೆಸರಿಟ್ಟರು, ಅದೇ ಇಂದಿನ ಮಿಲ್ಟನ್ ರಾಯ್.) ನೀರಿನ ಕೆಸರು ತಳಕ್ಕಿಳಿಸುವ ಆಲಂ, ಪಿಎಸಿಯಂಥ ದ್ರಾವಣಕ್ಕೆ ಇವು ಚೆನ್ನಾಗಿ ಬಾಳುತ್ತವೆ. ಈಜುಕೊಳದ ಮಟ್ಟಿಗೆ ಆನೆ ಕಟ್ಟಿ ಹೊಲ ಉತ್ತ ಹಾಗೆ.

ಆರ್‌ಒ ಘಟಕದ ಪೊರೆಯಲ್ಲಿ ಕಲ್ಲು ಕಟ್ಟದಂತೆ ಹಾಕುವ ಆ್ಯಂಟಿಸ್ಕೇಲಂಟ್ ವಿಷಯದಲ್ಲಿ ಮಾತ್ರ ಸ್ಟೆಪರ್ ಪಂಪಿಗೆ ಕಣ್ಣುಮುಚ್ಚಿ ವೋಟು. ಗಂಟೆಗೆ 2 ಘನ ಮೀಟರ್ ನೀರಿಗೆ ಲೀಟರಿಗೆ 3 ಮಿಲಿಗ್ರಾಂ ಹಾಕಬೇಕೆಂದರೆ ಗಂಟೆಗೆ 6 ಗ್ರಾಂ. 10 ಶೇಕಡಾ ದ್ರಾವಣ ಮಾಡಿಟ್ಟರೂ ಗಂಟೆಗೆ 60 ಮಿಲಿಲೀಟರ್ ಅಷ್ಟೇ. ಆರು ಲೀಟರಿನ ಸೊಲೆನಾಯ್ಡ್ ಪಂಪಿಗೆ ಅದು ಒಂದು ಶೇಕಡಾ, ಅಷ್ಟು ಕೆಳಗೆ ಅದರ ಅಳತೆ ನಂಬುವಂಥದ್ದಲ್ಲ. ಇನ್ನೂ ತೆಳ್ಳಗೆ ಮಾಡೋಣವೆಂದರೆ ಟ್ಯಾಂಕಿನಲ್ಲಿ ಲೋಳೆ ಬೆಳೆಯುತ್ತದೆ.

ಬ್ಲೀಚಿಂಗ್ ಪೌಡರ್ ಕಲಸಿ ಡೋಸಿಂಗ್ ಪಂಪಿಗೆ ಕೊಡುವ ಊರುಗಳೂ ಇವೆ. ಕೊಡಲೇಬೇಕಿದ್ದರೆ ಹಿಂದಿನ ಸಂಜೆ ಕಲಸಿ, ರಾತ್ರಿಯೆಲ್ಲ ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬೇರೆ ಟ್ಯಾಂಕಿಗೆ ಬಗ್ಗಿಸಿಕೊಂಡು ಅದನ್ನಷ್ಟೇ ಬಳಸಿ. ಗಸಿ ಪಂಪಿಗೆ ಹೋದರೆ ಸೆರಾಮಿಕ್ ಗೋಲಿಯ ಕೆಳಗೆ ಕೂತು ವಾಲ್ವ್ ಮುಚ್ಚದಂತೆ ಮಾಡುತ್ತದೆ.

ಪಂಪ್ ಎಷ್ಟೇ ಒಳ್ಳೆಯದಿರಲಿ, ಕೂರಿಸುವುದರಲ್ಲಿ ಕೆಡಿಸಬಹುದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹೈಪೋಗೆ ನೀರು ಬೆರೆಸುವುದು ಒಳ್ಳೆಯ ಅಭ್ಯಾಸ. ಶಕ್ತಿಯನ್ನು ಅರ್ಧಕ್ಕೆ ಇಳಿಸಿದರೆ ಒಡೆಯುವ ವೇಗ ನಾಲ್ಕರಲ್ಲೊಂದಕ್ಕಿಂತ ಕಡಿಮೆಯಾಗುತ್ತದೆ, ಗುಳ್ಳೆಯೂ ಅಷ್ಟೇ ಕಡಿಮೆ. ಆದರೆ ಬೋರ್‌ವೆಲ್ ನೀರು ಬೆರೆಸಿದಿರೋ ಕೆಟ್ಟಿತು. ಹೈಪೋದ ಪಿಎಚ್ 11ಕ್ಕಿಂತ ಮೇಲೆ. ಗಡಸು ನೀರಿನ ಕ್ಯಾಲ್ಸಿಯಂ ಆ ಪಿಎಚ್‌ನಲ್ಲಿ ಬಿಳಿ ಗಸಿಯಾಗಿ ಬೇರ್ಪಡುತ್ತದೆ, ಅದು ಟ್ಯಾಂಕಿನಲ್ಲಿ ಎಳೆಯುವ ಟ್ಯೂಬಿನ ತುದಿಯ ಫುಟ್ ವಾಲ್ವಿನ ಜಾಲರಿಯಲ್ಲಿ, ಗೋಲಿಯ ಸೀಟಿನಲ್ಲಿ, ಪೈಪಿಗೆ ಹೈಪೋ ಸೇರಿಸುವ ಇಂಜೆಕ್ಷನ್ ವಾಲ್ವಿನ ಬಾಯಲ್ಲಿ ಕಲ್ಲಾಗುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಕಡೆ ಬೋರ್ ನೀರಿನಲ್ಲಿ ಓಡುವ ಕೊಳಗಳಲ್ಲಿ ಇದು ಮಾಮೂಲು ಕಾಯಿಲೆ. ಸಾಫ್ಟ್‌ನರ್ ನೀರು ಅಥವಾ ಆರ್‌ಒ ನೀರನ್ನೇ ಬೆರೆಸಿ. 100 ಲೀಟರಿನ ಟ್ಯಾಂಕಿನಲ್ಲಿ 50 ಲೀಟರ್ ಹೈಪೋ, 50 ಲೀಟರ್ ಸಾಫ್ಟ್ ನೀರು, ಮೂರ್ನಾಲ್ಕು ದಿನಕ್ಕಾಗುವಷ್ಟು ಮಾತ್ರ. ಬೇಸಿಗೆಯಲ್ಲಿ ತಿಂಗಳ ಹೈಪೋ ಒಟ್ಟಿಗೆ ತರಿಸಿ ಬಿಸಿಲು ಬೀಳುವಲ್ಲಿ ಇಟ್ಟರೆ ಕೊಟ್ಟ ಕಾಸಿನ ಒಂದು ಪಾಲು ಗಾಳಿಗೆ ಹೋದಂತೆ.

ಗಡಸು ನೀರು ಹರಿಯುವ ಪೈಪಿಗೆ ಹೈಪೋ ಸೇರುವ ಜಾಗದಲ್ಲಂತೂ ಕಲ್ಲು ಕಟ್ಟಿಯೇ ಕಟ್ಟುತ್ತದೆ. ಆದ್ದರಿಂದ ಇಂಜೆಕ್ಷನ್ ವಾಲ್ವಿನ ತುದಿ ಪೈಪಿನ ಗೋಡೆಯಲ್ಲಿ ನಿಲ್ಲದೆ ಹರಿವಿನ ಮಧ್ಯಭಾಗಕ್ಕೆ ಚಾಚಿರಬೇಕು, ಅದರ ಹಿಂದೆ ಒಂದು ಬಾಲ್ ವಾಲ್ವ್ ಇರಬೇಕು. ಇಲ್ಲದಿದ್ದರೆ ಶುಚಿ ಮಾಡಲು ಇಡೀ ಲೈನು ಬರಿದು ಮಾಡಬೇಕಾದೀತು. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಮೊದಲು ಬರೀ ನೀರಿನಲ್ಲಿ ಹೈಪೋ ವಾಸನೆ ಪೂರಾ ಹೋಗುವವರೆಗೆ ತೊಳೆದು, ಆಮೇಲೆ ತೆರೆದ ಗಾಳಿಯಲ್ಲಿ ತೆಳು ಆ್ಯಸಿಡ್ಡಿನಲ್ಲಿ ನೆನೆಹಾಕಿ. ಈ ಕ್ರಮ ತಪ್ಪಿ ಹೈಪೋ ಮೆತ್ತಿದ ವಾಲ್ವನ್ನೇ ಆ್ಯಸಿಡ್ಡಿಗೆ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನಿಗರ್, ನಿಂಬೆ ಉಪ್ಪು ಬಳಸಿದರೂ ಅದೇ ಕತೆ.

ಈ ಅನಿಲದ ಮಾತು ಬಂದಿದ್ದರಿಂದ ಹೇಳಿಬಿಡಬೇಕು: ವಾಣಿಜ್ಯ ಕೊಳಗಳಲ್ಲಿ ಜನ ಆಸ್ಪತ್ರೆ ಸೇರುವಂಥ ಅವಘಡ ಬಹುಪಾಲು ಎರಡೇ ದಾರಿಯಲ್ಲಿ ಬರುತ್ತದೆ. ಒಂದು, ಹೈಪೋ ಟ್ಯಾಂಕಿಗೆ ಆ್ಯಸಿಡ್ ಸುರಿಯುವುದು ಅಥವಾ ಅದರ ತಿರುಗುಮುರುಗು. ಎರಡೂ ಕ್ಯಾನ್ ಒಂದೇ ನೀಲಿ ಬಣ್ಣ, ಲೇಬಲ್ ಕಿತ್ತುಹೋಗಿದೆ, ಹೊಸ ಹುಡುಗ ಡ್ಯೂಟಿಗೆ ಬಂದಿದ್ದಾನೆ, ಇಷ್ಟು ಸಾಕು. ಟ್ಯಾಂಕುಗಳು ಬೇರೆ ಬೇರೆ ಬಣ್ಣದವಿರಲಿ, ಬೇರೆ ಬೇರೆ ಕಟ್ಟೆಯೊಳಗಿರಲಿ, ಮಗ್ಗೂ ಕೊಳವೆಯೂ ಪ್ರತ್ಯೇಕವಿರಲಿ. ಎರಡನೆಯದು ಇನ್ನೂ ಸೂಕ್ಷ್ಮ. ಫಿಲ್ಟರ್ ಪಂಪ್ ನಿಂತಿದೆ, ಡೋಸಿಂಗ್ ಪಂಪುಗಳು ಓಡುತ್ತಲೇ ಇವೆ. ನಿಂತ ನೀರಿನ ಪೈಪಿನಲ್ಲಿ ಹೈಪೋವೂ ಆ್ಯಸಿಡ್ಡೂ ಒಂದಾಗಿ ಅನಿಲ ತುಂಬುತ್ತದೆ. ಫಿಲ್ಟರ್ ಪಂಪ್ ಮತ್ತೆ ಶುರುವಾದೊಡನೆ ಅಷ್ಟೂ ಅನಿಲ ರಿಟರ್ನ್ ಇನ್ಲೆಟ್ಟಿನಿಂದ ಈಜುತ್ತಿರುವವರ ಮುಖಕ್ಕೇ ಬರುತ್ತದೆ. ಮೋಟಾರ್ ನಿಂತರೆ ಡೋಸಿಂಗ್ ನಿಲ್ಲಿಸುವ ಇಂಟರ್‌ಲಾಕ್ ಒಂದೇ ಇದಕ್ಕೆ ಸಾಲದು. ಮೋಟಾರ್ ಓಡುತ್ತಿದ್ದೂ ವಾಲ್ವ್ ಮುಚ್ಚಿದ್ದರೆ, ಸ್ಟ್ರೇನರ್ ಕಟ್ಟಿದ್ದರೆ, ಪಂಪ್ ಪ್ರೈಮ್ ಕಳೆದುಕೊಂಡು ಒಳಗೆ ಗಾಳಿ ತುಂಬಿದ್ದರೆ ನೀರು ಹರಿಯುವುದಿಲ್ಲ. ಪೈಪಿನಲ್ಲೇ ಒಂದು ಫ್ಲೋ ಸ್ವಿಚ್ ಹಾಕಿ, ಮೋಟಾರ್ ಸಂಪರ್ಕ ಮತ್ತು ಫ್ಲೋ ಸ್ವಿಚ್ ಎರಡೂ ‘ಸರಿ’ ಅಂದರೆ ಮಾತ್ರ ಡೋಸಿಂಗ್ ನಡೆಯಲಿ. ಎರಡು ಇಂಜೆಕ್ಷನ್ ಜಾಗಗಳ ನಡುವೆ ಕನಿಷ್ಠ ಒಂದು ಮೀಟರ್ ಅಂತರವಿರಲಿ, ಎರಡೂ ಫಿಲ್ಟರಿನ ನಂತರ, ಹೀಟರ್ ಇದ್ದರೆ ಅದರ ನಂತರ. ಫ್ಲೋ ಸ್ವಿಚ್ ಸೇರಿಸದ ಕೊಟೇಶನ್ನನ್ನು ಬೆಲೆ ನೋಡದೆ ವಾಪಸು ಕಳಿಸಬಹುದು.

ಆ್ಯಸಿಡ್ ಪಂಪಿನ ಬಗ್ಗೆ ಹೆಚ್ಚಿಗೆ ಹೇಳಲು ಇಲ್ಲ, ಅದಕ್ಕೆ ಏರ್ ಹಿಡಿಯುವ ಕಾಟ ಕಡಿಮೆ. ಅದರ ಶತ್ರು ಹೊಗೆ. 30 ಶೇಕಡಾದ ಹೈಡ್ರೋಕ್ಲೋರಿಕ್ ಆ್ಯಸಿಡ್ ಟ್ಯಾಂಕಿನ ಮುಚ್ಚಳದ ಮೇಲೆಯೇ ಪಂಪ್ ಕೂರಿಸಿದರೆ ಅದರ ಆವಿ ಕೇಬಲ್ ರಂಧ್ರದಿಂದ ಒಳಹೊಕ್ಕು ಬೋರ್ಡನ್ನು ಹಸಿರು ಮಾಡುತ್ತದೆ. ಐಪಿ65 (ದೂಳು, ನೀರು ಒಳಹೋಗದ ದರ್ಜೆ) ಎಂದು ಬರೆದಿದ್ದರೂ ಕೇಬಲ್ ಗ್ಲ್ಯಾಂಡ್ ಬಿಗಿ ಮಾಡದಿದ್ದರೆ ಅದಕ್ಕೆ ಅರ್ಥವಿಲ್ಲ. ಆ್ಯಸಿಡ್ ಪಂಪ್ ಪಕ್ಕದ ಗೋಡೆಗೆ, ಟ್ಯಾಂಕಿನ ಬಾಯಿಂದ ದೂರ. ಆ್ಯಸಿಡ್ಡನ್ನು 10 ಶೇಕಡಾಕ್ಕೆ ತೆಳ್ಳಗೆ ಮಾಡಿದರೆ ಹೊಗೆ ಬಹಳ ಇಳಿಯುತ್ತದೆ. ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್ಡಿಗೆ ನೀರಲ್ಲ.

ಹೈಪೋ ಪಂಪನ್ನು ಎಲ್ಲಿ ಕೂರಿಸಬೇಕು? ಟ್ಯಾಂಕಿನ ತಳದ ಮಟ್ಟದಲ್ಲಿ, ದ್ರವ ತಾನಾಗಿ ಪಂಪಿಗೆ ಇಳಿಯುವಂತೆ ಇಟ್ಟರೆ ಏರ್ ಸಮಸ್ಯೆ ಅರ್ಧ ಮುಗಿಯುತ್ತದೆ. ಆದರೆ ಟ್ಯೂಬ್ ಕಿತ್ತರೆ ಇಡೀ ಟ್ಯಾಂಕ್ ನೆಲಕ್ಕೆ ಬರುತ್ತದೆ. ಟ್ಯಾಂಕಿನ ತೂಬಿಗೊಂದು ವಾಲ್ವ್, ಸುತ್ತ ಕಟ್ಟೆ ಇದ್ದರೆ ಹೀಗೆ ಮಾಡಿ. ಇಲ್ಲದಿದ್ದರೆ ಟ್ಯಾಂಕಿನ ಮೇಲೆಯೇ ಇರಲಿ, ಸಕ್ಷನ್ ಟ್ಯೂಬ್ ಒಂದೂವರೆ ಮೀಟರಿಗಿಂತ ಉದ್ದವಾಗದಿರಲಿ. ಫುಟ್ ವಾಲ್ವ್ ನೆಟ್ಟಗೆ ತೂಗಾಡಬೇಕು, ತಳದಿಂದ ಎರಡು ಬೆರಳು ಮೇಲೆ. ಅಡ್ಡ ಮಲಗಿದ ಫುಟ್ ವಾಲ್ವಿನ ಗೋಲಿ ಮುಚ್ಚುವುದೇ ಇಲ್ಲ, ರಾತ್ರಿ ಟ್ಯೂಬ್ ಖಾಲಿಯಾಗಿ ಬೆಳಗ್ಗೆ ಪಂಪ್ ಬರೀ ಗಾಳಿ ಹೊಡೆಯುತ್ತದೆ.

ಟ್ಯಾಂಕ್ ಮೇಲೆ, ಡೋಸಿಂಗ್ ಸೇರುವ ಜಾಗ ಕೆಳಗೆ ಇದ್ದರೆ ಇದಕ್ಕೆ ವಿರುದ್ಧವಾದ ತೊಂದರೆ. ಪಂಪ್ ನಿಂತರೂ ಹೈಪೋ ಸೈಫನ್ ಆಗಿ ಹರಿಯುತ್ತಲೇ ಇರುತ್ತದೆ. ಬ್ಯಾಲೆನ್ಸಿಂಗ್ ಟ್ಯಾಂಕಿಗೆ ಅಥವಾ ಫಿಲ್ಟರ್ ಪಂಪಿನ ಸಕ್ಷನ್ನಿಗೆ ಡೋಸ್ ಮಾಡುವ ಕಡೆ ಇದು ಸಾಮಾನ್ಯ. ಸ್ಪ್ರಿಂಗ್ ಇರುವ ಇಂಜೆಕ್ಷನ್ ವಾಲ್ವ್ ಹಾಕಿ, ಸಾಲದಿದ್ದರೆ ಒಂದು ಬ್ಯಾಕ್ ಪ್ರೆಶರ್ ವಾಲ್ವ್.

ಅಳತೆ ನೋಡುವ ಬಗೆ: ಪಂಪಿನ ಮೇಲೆ ಬರೆದ ಲೀಟರ್ ಲೆಕ್ಕ ಅದರ ಗರಿಷ್ಠ ಒತ್ತಡದಲ್ಲಿನದು. ನಿಮ್ಮ ಲೈನಿನಲ್ಲಿ ಒತ್ತಡ ಕಡಿಮೆ ಇದ್ದಾಗ ಸೊಲೆನಾಯ್ಡ್ ಪಂಪ್ ಅದಕ್ಕಿಂತ ಹೆಚ್ಚೇ ಕೊಡುತ್ತದೆ. ಡಿಸ್ಚಾರ್ಜ್ ಟ್ಯೂಬನ್ನು ಬಕೆಟ್ಟಿಗೆ ಬಿಟ್ಟು ಅಳೆದರೆ ತಪ್ಪು ಲೆಕ್ಕ ಸಿಗುವುದು ಇದರಿಂದಲೇ. ಸಕ್ಷನ್ ಕಡೆ 200 ಮಿಲಿಲೀಟರಿನ ಕ್ಯಾಲಿಬ್ರೇಶನ್ ಸಿಲಿಂಡರ್ ಜೋಡಿಸಿ, ಲೈನಿಗೆ ಹೋಗುತ್ತಿರುವಾಗಲೇ ಒಂದು ನಿಮಿಷ ಅದರಿಂದ ಎಳೆಸಿ. ಆರು ಎಲ್‌ಪಿಎಚ್ ಪಂಪ್ ಪೂರ್ತಿ ತೆರೆದಾಗ ನಿಮಿಷಕ್ಕೆ ಕನಿಷ್ಠ 100 ಮಿಲಿಲೀಟರ್ ಇಳಿಯಬೇಕು. 100, 70, 40 ಶೇಕಡಾದಲ್ಲಿ ಅಳೆದು ಗೋಡೆಯ ಮೇಲೆ ಬರೆದಿಡಿ. ಮೂರು ತಿಂಗಳ ನಂತರ ಅದೇ ಸೆಟ್ಟಿಂಗಿನಲ್ಲಿ ಕಡಿಮೆ ಇಳಿದರೆ ಹೆಚ್ಚಾಗಿ ವಾಲ್ವ್ ಕೊಳೆಯಾಗಿದೆ ಎಂದು ಅರ್ಥ.

ಕಂಟ್ರೋಲರ್ ಹಾಕುವವರು ಪಿಎಚ್ ಮೊದಲು, ಓಆರ್‌ಪಿ (ನೀರಿನಲ್ಲಿ ಕ್ಲೋರಿನ್ನಿನ ಶಕ್ತಿ ಎಷ್ಟಿದೆ ಎಂದು ತೋರಿಸುವ ಓದು) ಆಮೇಲೆ ಎಂಬುದನ್ನು ಮರೆಯಬಾರದು. ಹೈಪೋ ಹಾಕಿದಷ್ಟೂ ಪಿಎಚ್ ಏರುತ್ತದೆ, ಪಿಎಚ್ ಏರಿದರೆ ಓಆರ್‌ಪಿ ಇಳಿಯುತ್ತದೆ, ಇಳಿಯಿತೆಂದು ಕಂಟ್ರೋಲರ್ ಇನ್ನಷ್ಟು ಹೈಪೋ ಹಾಕುತ್ತದೆ. ಆ್ಯಸಿಡ್ ಖಾಲಿಯಾದ ದಿನ ಈ ಚಕ್ರ ಶುರುವಾಗಿ ಸಂಜೆಯೊಳಗೆ ನೀರು ಕಣ್ಣುರಿಸುತ್ತದೆ. ಪಿಎಚ್ 7.2ರಿಂದ 7.6ರೊಳಗೆ ನಿಲ್ಲದೆ ಹೈಪೋ ಪಂಪ್ ಓಡದಂತೆ ಸೆಟ್ ಮಾಡಲು ಬರುವ ಕಂಟ್ರೋಲರ್ ಆರಿಸಿ. ಇಂತಿಷ್ಟು ನಿಮಿಷಕ್ಕಿಂತ ಹೆಚ್ಚು ಹೊತ್ತು ಡೋಸ್ ಮಾಡಿದರೆ ನಿಂತು ಕೂಗುವ ಟೈಮರ್ ಕಡ್ಡಾಯ. ಬಯಲು ಕೊಳದಲ್ಲಿ ಸ್ಟೆಬಿಲೈಸರ್ ಆಗಿ ಸಯನ್ಯುರಿಕ್ ಆ್ಯಸಿಡ್ ಹಾಕಿದ್ದರೆ ಅಥವಾ ಅದನ್ನೇ ಬಿಡುವ ಟಿಸಿಸಿಎ ಎಂಬ ಕ್ಲೋರಿನ್ ಮಾತ್ರೆ ಬಳಸಿದ್ದರೆ ಓಆರ್‌ಪಿ ಓದು ಕೆಳಗೆ ಬರುತ್ತದೆ. ಬೇರೆ ಕೊಳದ ಸೆಟ್ ಪಾಯಿಂಟನ್ನು ಅಲ್ಲಿ ನಕಲು ಮಾಡಬೇಡಿ, ಬಣ್ಣದಿಂದ ಅಳೆಯುವ ಡಿಪಿಡಿ ಕಿಟ್ಟಿನಲ್ಲಿ ಕ್ಲೋರಿನ್ ನೋಡಿಯೇ ಹೊಂದಿಸಿ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಒಂದು ಮಾತು. ಈ ಪಂಪುಗಳ ಬಹುತೇಕ ಕೈಪಿಡಿಗಳಲ್ಲಿ ಸುತ್ತಲಿನ ಉಷ್ಣತೆಯ ಮಿತಿ 40 ಅಥವಾ 45 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಅದು ಬೆಳಗಿನ ಹನ್ನೊಂದಕ್ಕೇ ದಾಟಿರುತ್ತದೆ. ಎಕ್ಸಾಸ್ಟ್ ಫ್ಯಾನ್ ಇಲ್ಲದ ಶೆಡ್ಡಿನಲ್ಲಿ ಯಾವ ಬ್ರ್ಯಾಂಡೂ ಉಳಿಯುವುದಿಲ್ಲ. ಬಿಸಿಲಿಗೆ ಬಿದ್ದ ಬಿಳಿ ಟ್ಯೂಬೂ ಹಾಗೆಯೇ, ವರ್ಷದೊಳಗೆ ಸೀಳುತ್ತದೆ. ಕಪ್ಪು ಟ್ಯೂಬ್ ಹಾಕಿ ಅಥವಾ ಪಿವಿಸಿ ಪೈಪಿನೊಳಗೆ ಸೇರಿಸಿ.

ಹಾಗಾದರೆ ಯಾವುದು ಕೊಳ್ಳುವುದು? ನೂರು ಮನೆಯ ಅಪಾರ್ಟ್‌ಮೆಂಟಿನ ಕೊಳ, ದಿನಾ ಆಪರೇಟರ್ ಬರುತ್ತಾನೆ ಅಂದರೆ ಪಿವಿಡಿಎಫ್ ಹೆಡ್ಡಿನ ದೇಶೀ ಸೊಲೆನಾಯ್ಡ್ ಎರಡು ಕೊಳ್ಳಿ. ಒಂದು ಓಡಲಿ, ಒಂದು ಕಪಾಟಿನಲ್ಲಿರಲಿ, ಆಗಲೂ ಒಂದು ವಿದೇಶಿ ಪಂಪಿಗಿಂತ ಕಡಿಮೆಯೇ ಆಗುತ್ತದೆ. ಆಪರೇಟರ್ ವಾರಕ್ಕೆ ಎರಡೇ ಸಲ ಬರುವ ಕಡೆ ಸೆಲ್ಫ್ ಬ್ಲೀಡಿಂಗ್ ಹೆಡ್ಡಿಗೆ ಅಥವಾ ಸ್ಟೆಪರಿಗೆ ದುಡ್ಡು ಹಾಕಿ. ಹೋಟೆಲ್, ಕ್ಲಬ್ಬಿಗೆ ಹೈಪೋ ಕಡೆ ಸ್ಟೆಪರ್, ಆ್ಯಸಿಡ್ ಕಡೆ ಸಾದಾ ಸೊಲೆನಾಯ್ಡ್ ಸಾಕು, ಎರಡಕ್ಕೂ ಒಂದೇ ದುಬಾರಿ ಮಾಡೆಲ್ ಬೇಕಿಲ್ಲ.

ಆರ್ಡರ್ ಕೊಡುವಾಗಲೇ ಡಯಾಫ್ರಮ್ ಒಂದು, ಮೇಲಿನ ಕೆಳಗಿನ ವಾಲ್ವುಗಳ ಎರಡು ಸೆಟ್, ಫುಟ್ ವಾಲ್ವ್, ಇಂಜೆಕ್ಷನ್ ವಾಲ್ವ್, ಐದು ಮೀಟರ್ ಟ್ಯೂಬ್ ಬಿಲ್ಲಿಗೆ ಸೇರಿಸಿ, ಅವುಗಳ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಈ ಐದನ್ನೂ ವಾರದೊಳಗೆ ಕೊಡಲಾಗದ ಡೀಲರ್ ಪಂಪ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಡಯಾಫ್ರಮ್ ಬದಲಿಸುವಾಗ ಹೆಡ್ಡಿನ ನಾಲ್ಕು ಬೋಲ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಒಂದು ದಿನ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಟ್ಯೂಬಿನ ನಟ್ಟುಗಳಿಗೆ ಪಾನಾ ಬೇಡ, ಕೈಬಿಗಿ ಸಾಕು, ಓ ರಿಂಗ್ ಇರುವ ಕಡೆ ಟೆಫ್ಲಾನ್ ಟೇಪೂ ಬೇಡ. ವಾಲ್ವ್ ಮೇಲಿನ ಬಾಣ ಎರಡೂ ಕಡೆ ಮೇಲ್ಮುಖವಾಗಿರಲಿ. ಹೆಡ್ಡಿನ ಹಿಂದೆ ಕೆಳಗೊಂದು ಸಣ್ಣ ರಂಧ್ರ ಇರುತ್ತದೆ. ಅಲ್ಲಿ ಹನಿ ಕಂಡರೆ ಡಯಾಫ್ರಮ್ ಹರಿದಿದೆ, ಆ ರಂಧ್ರಕ್ಕೆ ಎಂಸೀಲ್ ಮೆತ್ತಿದರೆ ಹೈಪೋ ಸೊಲೆನಾಯ್ಡಿನ ಒಳಗೇ ಹೋಗುತ್ತದೆ.